ನಮ್ಮತ್ತೆ ಆರತಿ ಎತ್ತಿದ ಮುತ್ತು

ನಮ್ಮತ್ತೆ ಸಿದ್ದಮ್ಮನವರು ಮುತ್ತು ಕೊಡುತ್ತಿದ್ದದ್ದು ಬೆರಳಿನಲ್ಲಿ. ಎದುರಿಗಿದ್ದವರ ಗಲ್ಲವನ್ನು ಬಲಗೈಯ ಐದೂ ಬೆರಳುಗಳಿಂದ ಮೆಲ್ಲಗೆ ಹಿಡಿದು, ಬಿಟ್ಟು, ಆ ಬೆರಳುಗಳನ್ನು ಮೊಗ್ಗಿನ ಹಾಗೆ ಕೂಡಿಸಿ ತಮ್ಮ ತುಟಿಗೆ ಒತ್ತಿಕೊಳ್ಳುತ್ತಿದ್ದರು. ಪುಚ್ ಅಂತ ಸದ್ದು ಬರಲೇಬೇಕು. ಬರದಿದ್ದರೆ ಇನ್ನೊಂದು ಸಲ. ನಮ್ಮ ಕಡೆ ಹಿರಿಯ ಹೆಂಗಸರು ಮಕ್ಕಳಿಗೆ ಹೀಗೆ ಮಾಡುವುದು ಹೊಸದೇನಲ್ಲ. ಆದರೆ ಅತ್ತೆಯವರ ಕೈಗೆ ಮಕ್ಕಳೇ ಸಿಗಬೇಕು ಅಂತಿರಲಿಲ್ಲ. ಒದೆಯದೆ ಹಾಲು ಕೊಟ್ಟ ಎಮ್ಮೆಗೂ ಒಂದು, ಸಂತೆಯಿಂದ ಬಿರುಕಿಲ್ಲದೆ ಮನೆ ಮುಟ್ಟಿದ ಗಡಿಗೆಗೂ ಒಂದು. ಹೆಂಚಿನ ಮೇಲೆ ಪೂರಾ ಉಬ್ಬಿದ ರೊಟ್ಟಿಗೆ ಕೊಡಲು ಹೋಗಿ ಬೆರಳು ಸುಟ್ಟುಕೊಂಡದ್ದನ್ನು ನಾನೇ ನೋಡಿದ್ದೇನೆ. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಗೋಡೆಯ ಮೇಲಿನ ಶಿವನ ಪಟಕ್ಕೂ ಕೊಟ್ಟೇ ಅವರು ಒಲೆ ಹಚ್ಚುತ್ತಿದ್ದರು. ಆ ಪಟದಲ್ಲಿ ಶಿವನ ಗಲ್ಲದ ಬಣ್ಣ ಮಾಸಿಹೋಗಿತ್ತು.

ನಾನು ಹಿರಿಯೂರು ಕಡೆಯ ಯಲ್ಲದಕೆರೆಯವಳು. ಎಪ್ಪತ್ತರ ದಶಕದಲ್ಲಿ ಚಿಕ್ಕಜಾಜೂರಿಗೆ ಸೊಸೆಯಾಗಿ ಬಂದೆ. ನಮ್ಮ ಮನೆಯವರು ರೈಲಿನಲ್ಲಿ ಫೈರ್‌ಮನ್, ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಕೆಲಸ. ಹೊತ್ತಲ್ಲದ ಹೊತ್ತಿನಲ್ಲಿ ಹೋಗುವರು, ಮೈಯೆಲ್ಲ ಕಪ್ಪಾಗಿ ಬರುವರು. ಮನೆಗೆ ಯಜಮಾನರು ಅತ್ತೆಯವರ ಭಾವ, ಅಂದರೆ ತೀರಿಕೊಂಡ ನಮ್ಮ ಮಾವನ ಅಣ್ಣ. ನಾವು ಅವರನ್ನು ದೊಡ್ಡ ಮಾವ ಅನ್ನುತ್ತಿದ್ದೆವು. ಊರಿನ ಮಠದ ಕೆಲಸವೆಂದರೆ ಮುಂದೆ ನಿಲ್ಲುವವರು. ಕೆಟ್ಟ ಮನುಷ್ಯರಲ್ಲ, ಮಾತು ಬಿಗಿ. ಅವರು ಒಳಗೆ ಬಂದರೆ ಅತ್ತೆಯವರು ಸೆರಗು ತಲೆಗೆ ಎಳೆದುಕೊಂಡು ಕದದ ಮರೆಗೆ ಸರಿಯುವರು. ಭಾವನ ಎದುರು ನೇರ ಮಾತಿಲ್ಲ. ಹೇಳುವುದಿದ್ದರೆ ನಡುವೆ ಒಬ್ಬರು ನಿಂತು ದಾಟಿಸಬೇಕು. ನಾನು ಬಂದ ಮೇಲೆ ಆ ಕೆಲಸ ನನ್ನದಾಯಿತು.

ಅತ್ತೆಯವರು ಎತ್ತರದ ಹೆಂಗಸು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬರಿಗೈ. ಮದುವೆ ಮನೆಗಳಲ್ಲಿ ಅವರ ಜಾಗ ಒಲೆಯ ಮುಂದೆ. ಹುಗ್ಗಿ ಅವರದೇ ಕೈಯಿಂದ ಆಗಬೇಕು, ಆರತಿ ಮಾತ್ರ ಮುತ್ತೈದೆಯರು ಎತ್ತಬೇಕು. ಇದನ್ನು ಅವರು ಯಾವತ್ತೂ ಆಡಿಕೊಂಡದ್ದಿಲ್ಲ. ಆರತಿ ಹಾಡು ಕೇಳಿಸಿದಾಗ ಸೌಟು ತಿರುಗಿಸುತ್ತಲೇ ಒಲೆಯ ಮುಂದೆ ತಾವೂ ಸಣ್ಣಗೆ ಹಾಡಿಕೊಳ್ಳುತ್ತಿದ್ದರು, ಅಷ್ಟೆ.

ಸುಗ್ಗಿ ಮುಗಿದ ಮೇಲೆ ಸ್ಟೇಷನ್ನಿನ ಆಚೆಯ ಬಯಲಿಗೆ ಟೂರಿಂಗ್ ಟಾಕೀಸ್ ಬಂದು ಟೆಂಟು ಹಾಕುತ್ತಿತ್ತು. ಮರಳಿನ ಮೇಲೆ ಕೂರುವುದು. ಗಂಡಸರಿಗೂ ಹೆಂಗಸರಿಗೂ ನಡುವೆ ಬಿದಿರಿನ ತಟ್ಟಿ. ಶುಕ್ರವಾರ ಮೊದಲನೇ ಆಟಕ್ಕೆ ನಮ್ಮ ಓಣಿಯ ಹೆಂಗಸರೆಲ್ಲ ಅತ್ತೆಯವರ ಹಿಂದೆ ಹೋಗುತ್ತಿದ್ದೆವು. ಈ ಅನುಮತಿ ಸುಮ್ಮನೆ ಸಿಕ್ಕಿದ್ದಲ್ಲ. ದೇವರ ಚಿತ್ರವಾಗಿರಬೇಕು, ಇಲ್ಲವೇ ಮರ್ಯಾದಸ್ಥ ಸಂಸಾರದ ಕತೆಯಾಗಿರಬೇಕು, ಕಣ್ಣಿಗೆ ಬೀಳಬಾರದ್ದೇನೂ ಬೀಳುವುದಿಲ್ಲ ಅಂತ ಅತ್ತೆಯವರು ಮಾತು ಕೊಟ್ಟಿದ್ದರು. ದೊಡ್ಡ ಮಾವ ಆ ಮಾತಿನ ಮೇಲೆ ಒಪ್ಪಿದ್ದರು. ಅವರು ಒಪ್ಪಿದ್ದಕ್ಕೆ ಉಳಿದ ಮನೆಯವರೂ ಒಪ್ಪಿದ್ದರು. ಅದು ಎಂಥ ಭಾಗ್ಯ ಅಂತ ಈಗಿನವರಿಗೆ ಹೇಗೆ ತಿಳಿಸಲಿ? ಕೈಯಲ್ಲಿ ಮೊರವಿಲ್ಲದೆ, ಮುಂದೆ ಒಲೆಯಿಲ್ಲದೆ, ಯಾರೂ ಕರೆಯದೆ, ಸುಮ್ಮನೆ ಕುಳಿತುಕೊಳ್ಳಲು ನಮಗಿದ್ದ ಜಾಗ ಅದೊಂದೇ. ಶಿವ ಕೊಟ್ಟ ಸಣ್ಣಪುಟ್ಟ ದಯೆಗಳನ್ನು ನಾನು ದಿನವೂ ಮಲಗುವ ಮುಂಚೆ ನೆನೆಯುತ್ತೇನೆ. ಆ ಮರಳಿನ ತಂಪು ಇವತ್ತಿಗೂ ಅದರಲ್ಲಿ ಬರುತ್ತದೆ.

ಆಗಿನ ಚಿತ್ರಗಳಲ್ಲಿ ಗಂಡು ಹೆಣ್ಣಿನ ಮುಖಗಳು ಹತ್ತಿರ ಬಂದವು ಅನ್ನುವಷ್ಟರಲ್ಲಿ ಪರದೆಯ ಮೇಲೆ ಎರಡು ಹೂವು ಬರುತ್ತಿದ್ದವು. ಗಾಳಿಗೆ ಒಂದಕ್ಕೊಂದು ತಾಗುವವು. ಇಲ್ಲವೇ ಎರಡು ಪಾರಿವಾಳ. ಅತ್ತೆಯವರಿಗೆ ಇದು ಸೇರುತ್ತಿರಲಿಲ್ಲ.

"ಇವನೊಬ್ಬ," ಎಂದು ಇಡೀ ಹೆಂಗಸರ ಕಡೆಗೆ ಕೇಳುವ ಹಾಗೆ ಅನ್ನುವರು. "ಹತ್ರಕ್ಕೆ ಬರೋತಂಕ ತೋರ್ಸಿ ಆಮ್ಯಾಲೆ ಹೂವು ತೋರಿಸ್ತಾನೆ. ಹೂವು ನಮ್ಮ ಹಿತ್ತಲಾಗೆ ಇಲ್ಲೇನು?"

ನಾವು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆವು. ನಾನು ಭಯಭಕ್ತಿಯ ಮನೆಯಲ್ಲಿ ಬೆಳೆದವಳು. ಅಂಥದ್ದನ್ನು ನೋಡಬೇಕು ಅನ್ನುವುದೇ ತಪ್ಪಲ್ಲವೇ ಅತ್ತೆ ಅಂತ ಒಮ್ಮೆ ಹಾದಿಯಲ್ಲಿ ಕೇಳಿದೆ. ಅವರು ನಡೆಯುವುದನ್ನು ನಿಲ್ಲಿಸಲಿಲ್ಲ. "ಮುದ್ದು ಮಾಡೋದು ಪಾಪ ಆಗಿದ್ರೆ ಶಿವ ತುಟಿ ಯಾಕೆ ಕೊಡ್ತಿದ್ದ? ಬರೀ ಉಣ್ಣಾಕೇನು?"

ಇನ್ನು ಆ ಶುಕ್ರವಾರದ ಮಾತು.

ಶಿವ ಪಾರ್ವತಿಯರ ಮದುವೆಯಿದ್ದ ದೇವರ ಚಿತ್ರ ಬಂದಿತ್ತು. ಆ ಟೆಂಟಿನಲ್ಲಿ ಚಿತ್ರ ಬಿಡುವ ಯಂತ್ರ ಒಂದೇ. ಒಂದು ರೀಲು ಮುಗಿದರೆ ದೀಪ ಹಾಕಿ ಇನ್ನೊಂದು ರೀಲು ಏರಿಸುವರು. ದೇವರ ಚಿತ್ರವಿದ್ದಾಗ ನಮ್ಮ ಕಡೆಯವರು ಆ ಬಿಡುವನ್ನು ವ್ಯರ್ಥ ಮಾಡುತ್ತಿರಲಿಲ್ಲ. ಮದುವೆಯ ರೀಲಿಗೆ ಮುಂಚೆ ಆರತಿ ತಟ್ಟೆ ಸಿದ್ಧವಾಗುವುದು. ದೀಪ ಆರುವುದು, ಪರದೆಯ ಮೇಲೆ ಧಾರೆ ಶುರುವಾಗುವುದು, ಪರದೆಯ ಬುಡದಲ್ಲಿ ನಿಂತು ಆರತಿ ಎತ್ತುವುದು. ಮೊದಮೊದಲು ಮುತ್ತೈದೆಯರು ಗಂಡಸರೆದುರು ಎದ್ದು ಹೋಗಲು ನಾಚಿಕೊಂಡರಂತೆ. ಅತ್ತೆಯವರು, ಕೊಡ್ರೇ ಇಲ್ಲಿ, ಅಂತ ತಟ್ಟೆ ಕಿತ್ತುಕೊಂಡು ಹೋದರಂತೆ. ಅಂದಿನಿಂದ ಟೆಂಟಿನ ಆರತಿ ಅವರದೇ. ಊರಿನ ಯಾವ ಮದುವೆಯಲ್ಲೂ ಎತ್ತದ ಆರತಿಯನ್ನು ಅವರು ಅಲ್ಲಿ ಎತ್ತುತ್ತಿದ್ದರು. ಯಾರೂ ಬೇಡವೆನ್ನಲಿಲ್ಲ. ದೇವರ ಮದುವೆಗೆ ಯಾರು ಬೇಡವೆನ್ನುತ್ತಾರೆ?

ಅವತ್ತೂ ಹಾಗೇ ದೀಪ ಆರಿತು. ನಾನು ಕಾಯಿ ಕರ್ಪೂರ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಅತ್ತೆಯವರು ತಟ್ಟೆ ಎತ್ತಿದರು, ಹಿಂದಿನಿಂದ ಹೆಂಗಸರು ಹಾಡು ಎತ್ತಿದರು. ಪರದೆಯ ತುಂಬ ಬೆಳ್ಳಗೆ ಮೋಡ ತುಂಬಿಕೊಂಡಿತು. ಕೈಲಾಸ ಅಂದುಕೊಂಡು ನಾವು ಹಾಡು ಇನ್ನೂ ಏರಿಸಿದೆವು. ಮೋಡ ಸರಿಯಿತು. ಒಳಗಿನಿಂದ ಬಂದದ್ದು ನಂದಿಯಲ್ಲ, ರೈಲಿನ ಎಂಜಿನ್ನು.

ಚಿತ್ರದುರ್ಗದ ಯಾವುದೋ ಟಾಕೀಸಿಗೆ ಹೋಗಬೇಕಾಗಿದ್ದ ಇಂಗ್ಲಿಷ್ ಚಿತ್ರದ ರೀಲೊಂದು ನಮ್ಮ ಟೆಂಟಿನ ರೀಲು ಪೆಟ್ಟಿಗೆಯೊಳಗೆ ಸೇರಿಕೊಂಡಿತ್ತು ಅಂತ ಆಮೇಲೆ ತಿಳಿಯಿತು. ಯಾರ ಕೈತಪ್ಪೋ ಯಾರಿಗೂ ಗೊತ್ತಾಗಲಿಲ್ಲ. ಪರದೆಯ ಮೇಲೆ ಒಂದು ಸ್ಟೇಷನ್ನು. ಸಿಪಾಯಿ ಟೊಪ್ಪಿಗೆಯ ಬಿಳಿಯ ಹುಡುಗನೊಬ್ಬ ಗಾಡಿ ಹತ್ತುವುದರಲ್ಲಿದ್ದ. ಒಬ್ಬಳು ಹುಡುಗಿ ಜನರನ್ನು ತಳ್ಳಿಕೊಂಡು ಓಡಿ ಬಂದಳು. ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು, ಅವಳು ಎತ್ತಿಕೊಳ್ಳಲಿಲ್ಲ. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಮುತ್ತು ಕೊಟ್ಟಳು, ತುಟಿಗೆ. ಹೂವೂ ಇಲ್ಲ, ಪಾರಿವಾಳವೂ ಇಲ್ಲ.

ಹಾಡು ನಿಂತುಹೋಯಿತು. ಹಿಂದೆ ಹೆಂಗಸರು ಮುಖಕ್ಕೆ ಸೆರಗು ಹಾಕಿಕೊಂಡರು. ತೆಳುವಾದ ಸೆರಗು ಅನ್ನಿ. ತಟ್ಟಿಯ ಆಚೆ ಸೀಟಿ, ಕೂಗು. ಅತ್ತೆ, ಇಳಿಸ್ರಿ, ಇಳಿಸ್ರಿ ಅಂತ ಅವರ ಸೆರಗು ಎಳೆದೆ. ಅವರಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ನಿಂತುಹೋದ ಹಾಡಿನ ಕೊನೆಯ ನುಡಿಯನ್ನು ಅವರೊಬ್ಬರೇ ಹಾಡಿದರು. ತಟ್ಟೆ ಬಲಕ್ಕೆ ಸುತ್ತುತ್ತಲೇ ಇತ್ತು. ಆ ದೊಡ್ಡ ಮುಖಗಳ ಬೆಳಕು ಅವರ ವಿಭೂತಿಯ ಮೇಲೆ ಬಿದ್ದಿತ್ತು. ಹಾಡು ಮುಗಿಸಿ, ತಟ್ಟೆಯನ್ನು ನನ್ನ ಕೈಗಿಟ್ಟು, ಪರದೆಯ ಕಡೆಗೆ ಬೆರಳು ಚಾಚಿ, ಕೂಡಿಸಿ, ತುಟಿಗೆ ಒತ್ತಿಕೊಂಡರು. ಪುಚ್ ಅಂತ ಸದ್ದು ಬಂತು. ಅಷ್ಟರಲ್ಲಿ ಯಂತ್ರ ನಿಂತು ದೀಪ ಹತ್ತಿತು. ಟೆಂಟಿನ ಯಜಮಾನ ಕೈಮುಗಿದುಕೊಂಡು ಓಡಿ ಬಂದ.

ಬೆಳಗಾಗುವಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು. ಹಾಲು ಕರೆದು ಮುಗಿಯುವ ಮೊದಲೇ ನಮ್ಮ ಜಗಲಿಯಲ್ಲಿ ನಾಲ್ಕಾರು ಹಿರಿಯರು ಕುಳಿತಿದ್ದರು. ದೊಡ್ಡ ಮಾವ ನಡುವೆ. ಅತ್ತೆಯವರು ಕದದ ಮರೆಗೆ ನಿಂತರು, ನಾನು ಹೊಸ್ತಿಲ ಮೇಲೆ. ಇನ್ನು ಟೆಂಟಿಗೆ ಹೆಂಗಸರು ಹೋಗುವುದು ಬೇಡ ಅಂತ ಹಿರಿಯರಲ್ಲಿ ಮಾತಾಗಿಹೋಗಿತ್ತು. ದೊಡ್ಡ ಮಾವ ಹೂಂ ಅನ್ನುವುದಷ್ಟೇ ಬಾಕಿ. ಓಣಿಯ ಹೆಂಗಸರು ಹಿತ್ತಲ ಬಾಗಿಲಲ್ಲಿ ಬಂದು ನಮ್ಮ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ಕುಳಿತಿದ್ದರು.

"ಕೇಳವ್ವ ನಿಮ್ಮತ್ತೇನ," ಎಂದರು ದೊಡ್ಡ ಮಾವ ನನಗೆ. "ಪರದೆ ಮ್ಯಾಲೆ ಏನು ಬಂತು ಅಂತ ಕಂಡ ಮ್ಯಾಲೂ ಆರತಿ ಯಾಕೆ ಇಳಿಸ್ಲಿಲ್ಲ?"

"ಹೇಳು," ಎಂದರು ಅತ್ತೆ ಕದದ ಹಿಂದಿನಿಂದ. "ಎತ್ತಿದ ಆರತಿ ಹಾಡು ಮುಗಿಯೋತಂಕ ಇಳ್ಸಬಾರ್ದು ಅಂತ ಕಲ್ಸಿದ್ದು ಅವರ ತಾಯಿನೇ."

ನಾನು ಹೇಳಿದೆ. ಎಲ್ಲರಿಗೂ ಮೊದಲೇ ಕೇಳಿಸಿತ್ತು, ಆದರೂ ನಾನು ಹೇಳುವತನಕ ಯಾರೂ ಕೇಳಿಸಿಕೊಂಡ ಹಾಗೆ ಮಾಡಲಿಲ್ಲ.

"ಬೀದಿಯಾಗೆ ನಿಂತು ಮುತ್ತು ಕೊಡೋರಿಗೆ ಆರತಿನಾ ಅಂತ ಕೇಳು."

"ಬೀದಿಯಲ್ಲ, ಟೇಸನ್ನು ಅಂತ ಹೇಳು."

ಅದನ್ನೂ ಹೇಳಿದೆ. ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಅದು ಕೆಮ್ಮಲ್ಲ ಅಂತ ನನಗೆ ಗೊತ್ತಾಯಿತು. ದೊಡ್ಡ ಮಾವನಿಗೂ ಗೊತ್ತಾಗಿರಬೇಕು, ಮುಖ ಕೆಂಪಾಯಿತು. ಸಿದ್ದಮ್ಮ ಕೊಟ್ಟ ಮಾತು ಏನಾಯಿತು, ಯಾರೋ ಎಲ್ಲಿಯವರೋ ಮಾಡಬಾರದ್ದು ಮಾಡುತ್ತಿದ್ದರೆ ಈ ಮನೆಯ ಹೆಂಗಸು, ಅದೂ ಗಂಡ ಇಲ್ಲದವಳು, ಜೋಡಿಗೆ ಆರತಿ ಎತ್ತಿದಳು ಅಂದರೆ ಜನ ಏನನ್ನಬೇಕು ಅಂತ ಅಂದುಬಿಟ್ಟರು.

ನಾನು ಕದದ ಕಡೆ ತಿರುಗಿದೆ, ಇದಕ್ಕೇನು ದಾಟಿಸಲಿ ಅಂತ. ಅತ್ತೆಯವರು ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿ ಹೊಸ್ತಿಲಿಗೆ ಬಂದರು. ತಲೆಯ ಮೇಲೆ ಸೆರಗಿತ್ತು. ದನಿ ಏರಲಿಲ್ಲ.

"ಭಾವಾರೆ, ಇದನ್ನ ನಾನೇ ಹೇಳ್ತೀನಿ. ನಿಮ್ಮ ತಮ್ಮ ಔಷಧಕ್ಕೆ ಅಂತ ಹುಬ್ಬಳ್ಳಿ ಗಾಡಿ ಹತ್ತಿದ ದಿನ ನೀವೆಲ್ಲ ಮುಂದೆ ನಿಂತಿದ್ರಿ. ಹಿರೇರು ಅದಾರೆ ಅಂತ ನಾನು ನೀರಿನ ತೊಟ್ಟಿ ಹಿಂದೆ ನಿಂತಿದ್ದೆ. ಗಾಡಿ ಹೋತು. ಅವರ ಮುಖ ನಂಗೆ ಕಾಣ್ಲಿಲ್ಲ. ಆಮ್ಯಾಲೆ ಮುಖ ನೋಡಿದ್ದು ಮಣ್ಣು ಮಾಡೋ ದಿನ."

ಕೆಮ್ಮಿದ್ದ ಹಿರಿಯರು ತಲೆ ತಗ್ಗಿಸಿದರು.

"ಆ ಹುಡುಗಿ ಮುಖ ನೋಡಿ ಕಳ್ಸಿದ್ಲು. ನಾನು ಆರತಿ ಎತ್ತಿದ್ದು ಅದಕ್ಕೆ. ದೇವ್ರಿಗೆ ಎತ್ತಿದ್ದು ಅವರಿಗೆ ಹೋತು, ದೇವ್ರು ಬೇಜಾರು ಮಾಡ್ಕಂಡಿರಲ್ಲ ಬಿಡ್ರಿ."

ಇಷ್ಟು ಹೇಳಿ ಅವರು ಒಳಗೆ ಹೋಗಿ ಒಲೆಯ ಮುಂದೆ ಕುಳಿತರು. ದೊಡ್ಡ ಮಾವ ಹೆಗಲ ಮೇಲಿನ ಟವೆಲ್ಲು ತೆಗೆದು ಕೊಡವಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಹಿರಿಯರು ಅವರ ಹೂಂ ಕಾಯುತ್ತಿದ್ದರು. ಅವರು ಹೊಸ್ತಿಲಲ್ಲಿದ್ದ ನನ್ನ ಕಡೆ ನೋಡಿದರು.

"ಟೆಂಟಿಗೆ ಹೋಗಾವಾಗ ಲಾಟೀನು ತಗಂಡು ಹೋಗ್ರಿ ಅಂತ ಹೇಳವ್ವ," ಎಂದರು. "ದಾರ್ಯಾಗೆ ಮುಳ್ಳೈತೆ."

ಅಡುಗೆಮನೆಯಲ್ಲಿ ಯಾರೋ ಹೆಂಗಸು ಬಿಕ್ಕಿದ್ದು ಕೇಳಿಸಿತು. ನನ್ನ ಎದೆ ಉಬ್ಬಿ ರವಿಕೆ ಬಿಗಿಯಾಯಿತು. ಇಂಥವರ ಸೊಸೆ ನಾನು ಅಂತ ಆ ಹೊಸ್ತಿಲ ಮೇಲೆ ನಿಂತುಕೊಂಡು ಅಂದುಕೊಂಡೆ. ಇವತ್ತಿಗೂ ಅಂದುಕೊಳ್ಳುತ್ತೇನೆ.

ಹಿರಿಯರ ಸಮಾಧಾನಕ್ಕೆ ದೊಡ್ಡ ಮಾವ ಒಂದು ಮಾತು ಸೇರಿಸಿದರು. ಹಾಲುರಾಮೇಶ್ವರಕ್ಕೆ ಹೋಗಿ ಒಂದು ಪೂಜೆ ಮಾಡಿಸಿಕೊಂಡು ಬನ್ನಿ, ಏನಾದರೂ ದೋಷವಿದ್ದರೆ ಕಳೆಯಲಿ ಅಂತ. ಅತ್ತೆಯವರು ಹಿಗ್ಗಿಹೋದರು. ಹೊಸದುರ್ಗದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅವರು ನನಗೆ ತೋಡಿಕೊಂಡದ್ದು ಬೇರೆಯೇ ಚಿಂತೆ. ಯಂತ್ರ ನಿಲ್ಲಿಸಿಬಿಟ್ಟರಲ್ಲ, ಆ ಹುಡುಗ ತಿರುಗಿ ಬಂದನೋ ಇಲ್ಲವೋ?

ಅಲ್ಲಿ ಗಂಗಮ್ಮನ ಕೊಳದ ಮುಂದೆ ಬೇಡಿಕೊಳ್ಳುವುದು ವಾಡಿಕೆ. ನೀರಿನಿಂದ ತೇಲಿ ಬಂದದ್ದು ಪ್ರಸಾದ. ಬಂದರೆ ಕೆಲಸ ಆದ ಹಾಗೆ. ಪೂಜಾರಿಗಳು ಏನು ಬೇಡಿಕೆ ತಾಯಿ ಅಂತ ಕೇಳಿದರು.

"ಒಬ್ಬ ಹುಡುಗ ಊರಿಗೆ ಹೋಗ್ಯಾನ್ರಿ. ಸುಖವಾಗಿ ಮನೆ ಮುಟ್ಲಿ ಅಂತ."

"ಹುಡುಗನ ಹೆಸರು?"

ಅತ್ತೆಯವರು ನನ್ನ ಕಡೆ ನೋಡಿದರು. ನನಗೇನು ಗೊತ್ತು?

"ಹೆಸರು ಗೊತ್ತಿಲ್ರಿ," ಎಂದರು. "ಟೊಪ್ಪಿಗೆ ಹಾಕ್ಕಂಡಿದ್ದ."

ಪೂಜಾರಿಗಳು ಅಷ್ಟಕ್ಕೇ ಸಂಕಲ್ಪ ಮಾಡಿದರು. ಸ್ವಲ್ಪ ಹೊತ್ತಿಗೆ ಒಂದು ಬಾಳೆಹಣ್ಣು ತೇಲಿ ಬಂತು. ಅತ್ತೆಯವರು ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು. ಬಸ್ಸಿನಲ್ಲಿ ಅರ್ಧ ಅವರು ತಿಂದರು, ಅರ್ಧ ನನಗೆ ಕೊಟ್ಟರು. "ಬಂದ್ನಂತೆ ಬಿಡವ್ವ," ಎಂದು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು.

ಈಗ ನಮ್ಮ ಮನೆಯ ಟಿವಿಯಲ್ಲಿ ಸಂಜೆಯಾದರೆ ಒಂದಲ್ಲ ಒಂದು ಮುತ್ತು ಬರುತ್ತದೆ. ಮೊಮ್ಮಕ್ಕಳು ಓರೆಗಣ್ಣಿನಲ್ಲಿ ನನ್ನನ್ನು ನೋಡುತ್ತಾರೆ, ಅಜ್ಜಿ ಚಾನೆಲ್ ಬದಲಿಸುತ್ತಾಳೆ ಅಂತ. ನಾನು ಬದಲಿಸುವುದಿಲ್ಲ. ನೋಡುತ್ತೇನೆ, ಅಳತೆ ಹಾಕುತ್ತೇನೆ. ಮೊದಲು ಮುಖ ಹಿಡಿದು ನೋಡಿದರೋ, ಇಲ್ಲ ಸುಮ್ಮನೆ ಮೇಲೆ ಬಿದ್ದರೋ? ನೋಡದೆ ಕೊಟ್ಟದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅತ್ತೆಯವರೂ ಹಿಡಿಯುತ್ತಿರಲಿಲ್ಲ.

ಹಾಲುರಾಮೇಶ್ವರಕ್ಕೆ ಹೋಗಿಬಂದ ಕೆಲವು ವರ್ಷಕ್ಕೆ ನಮ್ಮ ಮನೆಯವರಿಗೆ ಅರಸೀಕೆರೆಗೆ ವರ್ಗವಾಯಿತು. ಮೊದಲು ಅವರೊಬ್ಬರೇ ಹೋಗಿ ಮನೆ ನೋಡಿ ಆಮೇಲೆ ನನ್ನನ್ನು ಕರೆಸಿಕೊಳ್ಳುವುದು ಅಂತಾಯಿತು. ಕಳಿಸಲು ಎಲ್ಲರೂ ಸ್ಟೇಷನ್ನಿಗೆ ಹೋದೆವು. ದೊಡ್ಡ ಮಾವ, ಓಣಿಯ ಹಿರಿಯರು ಎಲ್ಲ ಇದ್ದರು. ನನಗೆ ಯಾರೂ ಹೇಳಲಿಲ್ಲ, ಆದರೂ ಕಾಲು ತಾನೇ ನೀರಿನ ತೊಟ್ಟಿಯ ಹಿಂದಕ್ಕೆ ಹೋಯಿತು. ಅಲ್ಲಿ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದಾಗ ಅತ್ತೆಯವರು ಬಂದು ಮಣಿಕಟ್ಟು ಹಿಡಿದರು.

"ಇಲ್ಲಿ ನಾನು ನಿಂತು ನೋಡೀನಿ," ಎಂದರು. "ಇಲ್ಲಿಂದ ಏನೂ ಕಾಣಲ್ಲ. ಬಾ."

ಎಲ್ಲರ ನಡುವೆ ಎಳೆದುಕೊಂಡು ಹೋಗಿ ಗಾಡಿಯ ಬಾಗಿಲಿನ ಎದುರಿಗೆ ನಿಲ್ಲಿಸಿದರು. ಆಮೇಲೆ ನಮಗೆ ಬೆನ್ನು ಮಾಡಿ, ಸೆರಗನ್ನು ಎರಡೂ ಕೈಯಲ್ಲಿ ಅಗಲಕ್ಕೆ ಹರವಿ ತಲೆಗೆ ಹೊದ್ದುಕೊಳ್ಳುವವರ ಹಾಗೆ ನಿಂತುಬಿಟ್ಟರು. ಹೊದೆಯಲು ಅಷ್ಟು ಹೊತ್ತು ಯಾಕೆ ಬೇಕು? ದೊಡ್ಡ ಮಾವ ಎಂಜಿನ್ನಿನ ಹೊಗೆ ನೋಡುತ್ತ ಆ ಕಡೆ ತಿರುಗಿದರು. ಅವರು ತಿರುಗಿದ ಮೇಲೆ ಉಳಿದ ಹಿರಿಯರೂ ತಿರುಗಿದರು.

ನಮ್ಮ ಮನೆಯವರು ಸಿನಿಮಾದ ಹುಡುಗನಲ್ಲ. ಎಷ್ಟು ತೊಳೆದರೂ ಕಿವಿಯ ಹಿಂದೆ ಮಸಿ ಉಳಿಯುತ್ತಿದ್ದ ಮನುಷ್ಯ. ನನ್ನ ಮುಖ ನೋಡಿದರು. ಆಮೇಲೆ ಗಲ್ಲ ಹಿಡಿದು, ಬೆರಳು ಕೂಡಿಸಿ ತಮ್ಮ ತುಟಿಗೆ ಒತ್ತಿಕೊಂಡರು. ತಾಯಿಯ ಮಗ. ಸೆರಗಿನ ಆಚೆ ಸದ್ದು ಕೇಳಿಸಿತೋ ಏನೋ, ಅತ್ತೆಯವರ ಭುಜ ನಗುವಿಗೆ ಅಲುಗಿತು. ಲೋಕದ ಸಿನಿಮಾಗಳಲ್ಲಿ ಯಾರು ಯಾರಿಗೆ ಏನು ಕೊಟ್ಟರೂ ನನಗೆ ಬೇಕಾದ ಮುತ್ತು ಅದು.

ತಿಂಗಳೊಪ್ಪತ್ತಿನಲ್ಲಿ ನಾನೂ ಹೊರಟೆ. ಕಳಿಸಲು ಓಣಿಯವರ ಜೊತೆ ಅತ್ತೆಯವರೂ ಬಂದರು. ಕಿಟಕಿಯ ಹೊರಗೆ ನಿಂತು ರೊಟ್ಟಿ ಗಂಟು, ಶೇಂಗಾ ಚಟ್ನಿಪುಡಿ, ವಿಭೂತಿ ಗಟ್ಟಿ ಒಂದೊಂದೇ ಒಳಗೆ ದಾಟಿಸಿದರು. ಲಿಂಗಪೂಜೆ ಬಿಡಬೇಡ, ಮಗನಿಗೆ ಬಿಸಿನೀರು ಜಾಸ್ತಿ ಇಡು ಅಂತೆಲ್ಲ ಹೇಳಿದರು. ಗಾಡಿ ಸೀಟಿ ಹಾಕಿದ ಮೇಲೆ ಸರಳಿಗೆ ಮುಖ ಹತ್ತಿರ ತಂದರು.

"ಅದು ದೊಡ್ಡ ಊರು. ಅಲ್ಲಿ ಟಾಕೀಸ್ನಾಗೆ ಆ ಸಿನಿಮಾ ಬಂದ್ರೆ ನೋಡವ್ವ. ಅವನು ಬಂದ್ನೋ ಇಲ್ವೋ ಅಂತ ತಿಳಿಸು."

"ಗಂಗಮ್ಮ ಹೇಳ್ಯಾಳಲ್ಲ ಅತ್ತೆ, ಬಂದ ಅಂತ."

"ಹೇಳ್ಯಾಳೆ. ಆದ್ರೂ ಒಂದು ಸಲ ಕಣ್ಣಾಗೆ ನೋಡಿದ್ರೆ ಸಮಾಧಾನ."

ಗಾಡಿ ಅಲುಗಿತು. ಅವರು ಎಂದಿನ ಹಾಗೆ ನನ್ನ ಗಲ್ಲಕ್ಕೆ ಕೈ ಎತ್ತಿದರು. ಆಗ ನನಗೆ ಹೊಳೆಯಿತು. ಇವರು ಊರಿಗೆಲ್ಲ ಕೊಟ್ಟರು, ಎಮ್ಮೆಗೆ, ಗಡಿಗೆಗೆ, ಹೆಸರೇ ಗೊತ್ತಿಲ್ಲದ ಆ ಜೋಡಿಗೆ ಕೊಟ್ಟರು, ಇವರ ಗಲ್ಲ ಹಿಡಿಯಲು ಯಾರಿದ್ದಾರೆ? ಸೊಸೆಯಾದವಳು ಅತ್ತೆಗೆ ಹಾಗೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಅದು ಹಿರಿಯರು ಕಿರಿಯರಿಗೆ ಮಾಡುವುದು. ಸರಳಿನ ಸಂದಿಯಿಂದ ಕೈ ಚಾಚಿ ಅವರ ಗಲ್ಲ ಹಿಡಿದೆ. ಮುಖ ಪೂರಾ ನೋಡಿದೆ. ಬೆರಳು ಕೂಡಿಸಿ ನನ್ನ ತುಟಿಗೆ ಒತ್ತಿಕೊಂಡೆ, ಸದ್ದು ಬರುವ ಹಾಗೆ.

ಆ ಶ್ರಾವಣದಲ್ಲಿ ಅವರು ಲಿಂಗೈಕ್ಯರಾದರು. ಪೂಜೆಗೆ ಕುಳಿತಲ್ಲೇ ಅಂತೆ, ನೋವಿಲ್ಲದೆ ಅಂತೆ. ಅದೂ ಶಿವನ ದಯೆ. ಅರಸೀಕೆರೆಯ ಟಾಕೀಸಿಗೆ ಆ ಚಿತ್ರ ಬರಲಿಲ್ಲ. ಟೊಪ್ಪಿಗೆಯ ಹುಡುಗ ತಿರುಗಿ ಬಂದನೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ನನಗೆ ತಿಳಿದಿರುವುದು, ನಾನು ಹೊರಟ ದಿನ ಗಾಡಿ ನೀರಿನ ತೊಟ್ಟಿಯನ್ನು ದಾಟಿ ತಿರುವಿನಲ್ಲಿ ಮರೆಯಾಗುವತನಕ ಅವರು ಎಲ್ಲರಿಗಿಂತ ಮುಂದೆ, ನನಗೆ ಚೆನ್ನಾಗಿ ಕಾಣುವ ಹಾಗೆ, ಗಲ್ಲದ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು.